ಪೂಜೆಯಾದ ಬೆರಳು

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಸ್ಕೂಟಿಯ ಬ್ರೇಕು ತೋರಿಸಲು ಖಾನಾಪುರದ ನಮ್ಮ ಓಣಿಯ ತುದಿಯ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯವರು ಪಾನಾ, ಸುತ್ತಿಗೆ, ಜಾಕುಗಳನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು ಒರೆಸಿ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬಾಜೂಕ್ಕೆ ಬುಟ್ಟಿ ತುಂಬ ಚೆಂಡುಹೂವು. ಡೀಸೆಲ್ಲು, ಚೆಂಡುಹೂವು, ಊದಿನಕಡ್ಡಿ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಿಂದ ಮೂಗು ಮುಚ್ಚಿಕೊಂಡು ಸ್ಕೂಟಿಗೆ ಒರಗಿ ನಿಂತೆ. "ಯಾಕ್ರಿ ಅಕ್ಕೋರ, ಏನಾತು? ಕುಂದರ್ರಿ" ಎಂದು ಗ್ಯಾರೇಜಿನವನು ಸ್ಟೂಲು ಸರಿಸಿದ. ಏನೂ ಇಲ್ಲಪ್ಪ, ಬಿಸಿಲು ಅಂದೆ. ಬಿಸಿಲೂ ಅಲ್ಲ, ಮಣ್ಣೂ ಅಲ್ಲ. ಎಲ್ಲರಿಗೂ ಅದು ಹಬ್ಬದ ವಾಸನೆ. ನನಗೆ ಮಾತ್ರ ಪ್ರತಿ ವರ್ಷ ಆ ವಾಸನೆ ಬಂದರೆ ಬೆಳಗಾವಿಯ ನಮ್ಮ ಬಾಜೂಮನೆ ಕಾಕಾ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ...

ನಾವಾಗ ರಾಮತೀರ್ಥ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಯಜಮಾನರ ಸ್ವಂತ ಊರು ಖಾನಾಪುರ. ಮಗಳು ಶಾಲೆಗೆ ಹೋಗುತ್ತಿದ್ದಳು, ಎರಡನೇ ಇಯತ್ತೆ. ಕಾಕಾ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಆ ಸಾಲಿನಲ್ಲಿ ಎಲ್ಲರ ಮನೆಯ ಪೋರ್ಚಿನಲ್ಲೂ ಕಾರೋ ಸ್ಕೂಟರೋ ನಿಂತಿದ್ದರೆ ಇವರ ಪೋರ್ಚಿನಲ್ಲಿ ಕಬ್ಬಿಣ ತಿರುಗಿಸಿ ಕಡೆಯುವ ಒಂದು ಲೇಥ್ ಮಷೀನು ನಿಂತಿತ್ತು. ಅದರ ಸುತ್ತ ಡ್ರಿಲ್ಲು, ವೈಸು, ಕಬ್ಬಿಣದ ಚೂರು ತುಂಬಿದ ಎಣ್ಣೆಡಬ್ಬಿಗಳು. ಸ್ಕೂಟರು ಮಾತ್ರ ಮಳೆಯಲ್ಲಿ ಹೊರಗೆ.

ಆ ಮಷೀನಿಗೂ ನನ್ನ ಮಧ್ಯಾಹ್ನದ ನಿದ್ದೆಗೂ ಹಾವು ಮುಂಗುಸಿ. ಶಾಲೆಯಲ್ಲಿ ಮಕ್ಕಳ ಗದ್ದಲ ಕೇಳಿ ಬಂದವಳಿಗೆ ಮನೆಯಲ್ಲಿ ಇವರ ಗರಗರ. ಒಂದು ದಿನ ತಡೆಯಲಾರದೆ ಕಂಪೌಂಡಿನ ಮೇಲಿಂದ ಕೂಗಿದೆ, "ಕಾಕಾ, ಇದೇನ ಮನೀನೋ ಕಾರ್ಖಾನೀನೋ?" ಕಾಕಾ ಮಷೀನು ಬಂದ್ ಮಾಡಲೂ ಇಲ್ಲ, ತಲೆ ಎತ್ತಲೂ ಇಲ್ಲ. "ಮನ್ಯಾಗ ಕಾರ್ಖಾನಿ ಐತಿ ಅಂತನ ನಿಮ್ಮ ಬಾಗಲಾ ಕಿರ್ ಅನ್ನೂದ ಬಿಟ್ಟೈತ್ರಿ ಅಕ್ಕೋರ" ಎಂದರು. ಖರೇ ಮಾತು. ಅದರ ಹಿಂದಿನ ವಾರವಷ್ಟೇ ನಮ್ಮ ಬಾಗಿಲಿನ ತಿರುಗಣಿಗೆ ಹಿತ್ತಾಳೆಯ ಬಿಲ್ಲೆ ಮಾಡಿ ಹಾಕಿದ್ದರು, ನಾನು ಕೇಳದೆಯೇ. ಬಾಯಿ ಮುಚ್ಚಿಕೊಂಡು ಒಳಗೆ ಬಂದೆ.

ಅವರು ಮಾಡಿದ್ದೆಲ್ಲ ಕೆಲಸಕ್ಕೆ ಬರುತ್ತಿತ್ತು ಎಂದು ಯಾರೂ ತಿಳಿಯಬೇಡಿ. ಕಾಕುಗೆ, ಅಂದರೆ ಅವರ ಹೆಂಡತಿಗೆ, ಶ್ಯಾವಿಗೆ ಒತ್ತುವ ಮಣೆಗೆ ಮೋಟರು ಕೂಡಿಸಿಕೊಟ್ಟರು. ಮೊದಲ ದಿನವೇ ಹಿಟ್ಟು ಅಡಿಗೆಮನೆಯ ಫ್ಯಾನಿಗೆ ಹೋಗಿ ಹತ್ತಿತು. ಕಾಕು ಮರಾಠಿಯಲ್ಲಿ ಬೈಯುತ್ತಿದ್ದರೆ ಕಾಕಾ ಕನ್ನಡದಲ್ಲಿ ನಗುತ್ತಿದ್ದರು. ಹಳೆಯ ಹೊಲಿಗೆ ಮಷೀನಿನ ಮೋಟರಿಗೆ ಗುಂಡಿಯಷ್ಟೇ ದೊಡ್ಡದಾದ ಕೊಯ್ಯುವ ಚಕ್ರ ಸಿಕ್ಕಿಸಿ, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಗ್ರೈಂಡರ್ ಮಾಡಿಕೊಂಡಿದ್ದರು. ಅದರಿಂದ ಏನು ಉಪಯೋಗ ಎಂದು ಕೇಳಿದರೆ, "ಮಾಡಿಟ್ಟಿರೂಣು, ಉಪಯೋಗ ತಾನ ಬರತೈತಿ" ಎನ್ನುವರು. ನನ್ನ ಮಗಳಿಗಂತೂ ಹಿತ್ತಾಳೆ ಬುಗುರಿ, ಗೊಂಬೆಗೆ ಅಲ್ಯುಮಿನಿಯಂ ಬೋಗುಣಿ, ಏನು ಕೇಳಿದರೆ ಅದು. ಶಾಲೆ ಬಿಟ್ಟದ್ದೇ ಪುಸ್ತಕದ ದಫ್ತರ ಮೂಲೆಗೆ ಒಗೆದು ಅಲ್ಲಿ ಓಡುವಳು. ಮಷೀನು ತಿರುಗುವಾಗ ಮೆಟ್ಟಿಲಿನ ಆಚೆ ನಿಲ್ಲಬೇಕು ಎಂಬುದು ಕಾಕಾನ ಕಟ್ಟಪ್ಪಣೆ. ಅದನ್ನು ಆಕೆ ಒಂದು ದಿನವೂ ಮೀರಲಿಲ್ಲ. ನನ್ನ ಮಾತು ಗಾಳಿಗೆ, ಕಾಕಾನ ಮಾತು ಮಾತ್ರ ವೇದ.

ಖಂಡೇನವಮಿ ಬಂತೆಂದರೆ ಕಾಕಾನ ಸಡಗರ ನೋಡಬೇಕು. ಎಲ್ಲ ಹತ್ಯಾರಗಳನ್ನೂ ಡೀಸೆಲ್ಲಿನಲ್ಲಿ ತೊಳೆದು, ಎಣ್ಣೆ ಸವರಿ, ಕೆಂಪು ಬಟ್ಟೆಯ ಮೇಲೆ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಹೊಂದಿಸುವರು. ಲೇಥಿಗೆ ಕಬ್ಬು ಕಟ್ಟಿ ಹಾರ ಹಾಕುವರು. ಕಾಕು ನವರಾತ್ರಿಗೆ ಘಟ ಹಾಕಿ ಒಂಬತ್ತೂ ದಿನ ಉಪವಾಸ ಇರುವವರು, ಚಪ್ಪಲಿ ಕೂಡ ಮೆಟ್ಟುತ್ತಿರಲಿಲ್ಲ. ಪೂಜೆಯ ಕಟ್ಟುನಿಟ್ಟೆಲ್ಲ ಅವರದು, ಅದನ್ನು ಓಣಿಗೆ ಕೇಳುವಂತೆ ಸಾರುವುದು ಕಾಕಾನದು. "ಪೂಜಿ ಆದ ಮ್ಯಾಲ ನಾಳೆ ಮುಂಜಾನಿ ತನಕ ಒಂದು ಮೊಳಿ ಸೈತ ಅಲಗಾಡಸಬಾರದು! ವರ್ಷಾನಗಟ್ಟಲೆ ದುಡದಾವ, ಅವಕ್ಕೂ ಒಂದಿನ ಸೂಟಿ ಬ್ಯಾಡೇನು?" ಎಂದು ಬಂದವರಿಗೆಲ್ಲ ಹೇಳುವರು. ಅವರ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಹತ್ಯಾರಗಳ ಪೂಜೆ ಮುಗಿದ ಮೇಲೆ ಮನೆಯವರ ಬಲಗೈಗೂ ಕುಂಕುಮ ಹಚ್ಚಿ ಅಕ್ಕಿಕಾಳು ಹಾಕುವರು. ಕೈಯೂ ಒಂದು ಹತ್ಯಾರವೇ ಎಂಬ ಲೆಕ್ಕ.

ಆ ವರ್ಷ ಯಜಮಾನರು ಹಬ್ಬಕ್ಕೆಂದು ಮುಂಚೆಯೇ ಖಾನಾಪುರಕ್ಕೆ ಹೋಗಿದ್ದರು. ನಾನೂ ಮಗಳೂ ಖಂಡೇನವಮಿಯ ಮರುದಿನ ರೈಲಿಗೆ ಹೊರಡುವವರಿದ್ದೆವು. ಹಬ್ಬದ ಮುಂಜಾನೆಯಿಂದ ಮಗಳು ಕಾಕಾನ ಪೋರ್ಚಿನಲ್ಲಿಯೇ, ಹತ್ಯಾರ ಒರೆಸುವುದರಲ್ಲಿ. ಒರೆಸುತ್ತ ಒರೆಸುತ್ತ ಒಂದು ಬೇರಿಂಗಿನ ಒಳಗಿನ ಉಕ್ಕಿನ ಉಂಗುರ ಆಕೆಯ ಕೈಗೆ ಸಿಕ್ಕಿತಂತೆ. ಕನ್ನಡಿಯಂತೆ ಹೊಳೆಯುತ್ತಿದ್ದದ್ದು. ಅದನ್ನು ನಡುಬೆರಳಿಗೆ ಹಿಡಿದು ನೋಡುತ್ತಿದ್ದಾಗ ಕಾಕಾ ತಾವೇ ಎಣ್ಣೆಗೈಯಿಂದ ಅದನ್ನು ಬೆರಳಿನ ಬುಡದವರೆಗೆ ಸರಿಸಿ, ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿ, ಆ ಕೈಯನ್ನೇ ಕೆಂಪು ಬಟ್ಟೆಯ ಮೇಲೆ ಇಟ್ಟು ಆರತಿ ಬೆಳಗಿದರು. ಆ ಹೊತ್ತಿಗೆ ನಾನೂ ಅಲ್ಲಿಗೆ ಬಂದಿದ್ದೆ. ಎಲ್ಲರೂ ನಕ್ಕೆವು. ಮಗಳು ಮಾತ್ರ ನಗಲಿಲ್ಲ. ದೇವರ ಮುಂದೆ ಕೂತವಳಂತೆ ಗಂಭೀರವಾಗಿ ಕೂತಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತು. ಹೋಳಿಗೆಗೆ ಹೂರಣ ರುಬ್ಬಿಟ್ಟು ಆಕೆಗೆ ತಾಟಿನಲ್ಲಿ ತಿನ್ನಲು ಕೊಟ್ಟರೆ ಎಡಗೈಯಿಂದ ತಿನ್ನತೊಡಗಿದಳು. ಬಲಗೈ ಫ್ರಾಕಿನ ಅಡಿಗೆ. "ಹಬ್ಬದಾಗ ಎಡಗೈಲೆ ತಿಂತಾರೇನ? ತೆಗಿ ಆ ಕೈ" ಎಂದು ಗದರಿಸಿ ಎಳೆದೆ. ಅಯ್ಯೋ ನನ್ನ ಶಿವನೇ... ನಡುಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಎರಡೂ ಬದಿಗೆ ಮಾಂಸ ಉಬ್ಬಿ ಬಂದು ಆ ಉಂಗುರ ನಡುವೆ ಹುಗಿದುಹೋಗಿತ್ತು. ಮುಟ್ಟಿದರೆ ಚೀರಿದಳು. ಯಾವಾಗಿನಿಂದ ನೋಯುತ್ತಿದೆ ಎಂದರೆ, ಮಧ್ಯಾಹ್ನದಿಂದ. ಮತ್ತೆ ಯಾಕೆ ಹೇಳಲಿಲ್ಲ ಎಂದು ಹೊಡೆಯುವವಳಂತೆ ಕೇಳಿದೆ.

"ಪೂಜಿ ಆಗೇತಲ್ಲವ್ವಾ. ನಾಳೆ ತನಕ ತಗೀಬಾರದು."

ಸಾಬೂನು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ದಾರ ಸುತ್ತಿದೆ. ಎಳೆದಷ್ಟೂ ಊದಿತು. ಆಕೆಯನ್ನು ಎತ್ತಿಕೊಂಡು ಚಪ್ಪಲಿಯಿಲ್ಲದೆ ಮೂಲೆಯ ದವಾಖಾನೆಗೆ ಓಡಿದೆ. ಡಾಕ್ಟರು ಹಬ್ಬಕ್ಕೆಂದು ಶಟರು ಎಳೆಯುತ್ತಿದ್ದವರು ಮತ್ತೆ ಎತ್ತಿದರು. ಉಂಗುರ ಕೊಯ್ಯುವ ಸಣ್ಣ ಕತ್ತರಿಚಕ್ರ ಅವರ ಹತ್ತಿರ ಇತ್ತು. ತಿರುಗಿಸಿದರು, ತಿರುಗಿಸಿದರು. ಉಕ್ಕಿನ ಮೇಲೆ ಒಂದು ಗೀರೂ ಬೀಳಲಿಲ್ಲ, ಆ ಚಕ್ರದ ಹಲ್ಲೇ ಸವೆದುಹೋಯಿತು. "ಇದ ಬಂಗಾರದ ಉಂಗುರಲ್ರಿ ಕೊಯ್ಯಾಕ. ಕಡಕ್ ಉಕ್ಕು" ಎಂದರು. ಆಮೇಲೆ ಮಗಳ ಉಗುರನ್ನು ಒತ್ತಿ ಬಿಟ್ಟು ನೋಡಿದರು. ಒತ್ತಿದಲ್ಲಿ ಬೆಳ್ಳಗಾದದ್ದು ಬೆಳ್ಳಗೇ ಉಳಿಯಿತು. ತಮ್ಮ ಉಗುರನ್ನು ಒತ್ತಿ ನನಗೆ ತೋರಿಸಿದರು, ಅದು ಬಿಟ್ಟ ಕೂಡಲೇ ಕೆಂಪಾಯಿತು. "ರಕ್ತ ಆಡ್ವಲ್ದು ನೋಡ್ರಿ. ಹಿಂಗ ಬಿಟ್ರ ಬೆರಳ ಉಳ್ಯಾಂಗಿಲ್ಲ. ನೆಹರು ನಗರದ ದೊಡ್ಡ ದವಾಖಾನಿಗೆ ಒಯ್ದರೂ ಇದನ್ನ ಕೊಯ್ಯೋ ಮಷೀನ ಹೊರಗಿಂದ ತರಸಬೇಕು. ಹಬ್ಬದ ಸಂಜಿ, ಹೊತ್ತ ಹೋಗತೈತಿ. ಇಲ್ಲೇ ಹತ್ತರ ಗ್ರೈಂಡರ್ ಹಿಡಿಯೋರು ಯಾರರ ಅದಾರೇನು?"

"ಅದಾರ್ರಿ" ಎಂದೆ. "ಇದನ್ನ ಹಾಕಿದವರೂ ಅವರ."

ಡಾಕ್ಟರು ಚೀಲ ಹಿಡಿದು ನನ್ನ ಹಿಂದೆಯೇ ಬಂದರು. ಕಾಕಾನ ಪೋರ್ಚಿನಲ್ಲಿ ದೀಪ ಉರಿಯುತ್ತಿತ್ತು. ಪ್ರಸಾದ ತೆಗೆದುಕೊಂಡು ಯಾರೋ ಹೊರಡುತ್ತಿದ್ದರು. ಕಾಕಾ ಹೊಸ ಧೋತರ ಉಟ್ಟು ಕುರ್ಚಿಯ ಮೇಲೆ ಕೂತಿದ್ದವರು ನಗುತ್ತ ಎದ್ದರು. ಬೆರಳು ನೋಡಿದ ಕೂಡಲೇ ಆ ನಗು ಮುಖದ ಮೇಲೆಯೇ ಸತ್ತಿತು. ಏನಾಗಬೇಕೆಂದು ಡಾಕ್ಟರು ಹೇಳಿದರು. ಕಾಕಾ ಕೆಂಪು ಬಟ್ಟೆಯ ಕಡೆ ನೋಡಿದರು. ಹಾರ ಹಾಕಿಸಿಕೊಂಡು ಮಲಗಿದ್ದ ಆ ಪುಟ್ಟ ಗ್ರೈಂಡರಿನ ಕಡೆ ನೋಡಿದರು. "ಪೂಜಿ ಆಗೇತ್ರಿ... ಇವತ್ತ ಹೆಂಗ..." ಎಂದು ಅವರ ತುಟಿಗಳು ಅಂದವು. ಬುದ್ಧಿಯಲ್ಲ, ತುಟಿ. ವರ್ಷಗಟ್ಟಲೆ ಅದನ್ನೇ ಹೇಳಿ ರೂಢಿಯಾದ ತುಟಿ.

ನನ್ನ ತಲೆಗೆ ರಕ್ತ ಏರಿತು. "ನಿಮ್ಮ ಪೂಜಿಗಿಷ್ಟು ಬೆಂಕಿ ಹಚ್ಚಲಿ! ನನ್ನ ಮಗಳ ಬೆರಳ ಹೊಂಟೈತಿ!" ಎಂದು ಓಣಿಗೆ ಕೇಳುವಂತೆ ಕಿರುಚಿದೆ. ಆ ಮಾತಿಗೆ ನನಗೆ ಅಂದೂ ನಾಚಿಕೆಯಾಗಲಿಲ್ಲ, ಇಂದೂ ಇಲ್ಲ. ಯಾವ ತಾಯಿಯಾದರೂ ಆಡುತ್ತಿದ್ದಳು.

ಒಳಗಿಂದ ಕಾಕು ಬಂದರು. ಉಪವಾಸದ ಮುಖ, ಬರಿಗಾಲು. ಬೆರಳನ್ನು ನೋಡಿದರು, ಗಂಡನನ್ನು ನೋಡಿದರು. ಬಗ್ಗಿ, ಗ್ರೈಂಡರಿನ ಮೇಲಿನ ಹಾರ ಕಿತ್ತು ಬದಿಗಿಟ್ಟು, ಕುಂಕುಮವನ್ನು ತಮ್ಮ ಸೀರೆಯ ಸೆರಗಿನಿಂದ ಒರೆಸಿ ಅದನ್ನು ಕಾಕಾನ ಕೈಯಲ್ಲಿ ಇಟ್ಟರು. "ಹಿಡೀರಿ. ದೇವರ ಬಂದು ಕೇಳಿದ್ರ ನನ್ನ ಹೆಸರ ಹೇಳ್ರಿ" ಎಂದರು.

ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಡಾಕ್ಟರು ಬೆರಳಿನ ಬುಡಕ್ಕೆ ಸೂಜಿ ಚುಚ್ಚಿ ಜೋಮು ಹಿಡಿಸಿದರು. ಕಾಕಾನ ಹತ್ಯಾರಗಳಲ್ಲಿದ್ದ ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಉಂಗುರದ ಮತ್ತು ಚರ್ಮದ ನಡುವೆ ತೂರಿಸಬೇಕಾಗಿತ್ತು, ಚಕ್ರ ಮಾಂಸಕ್ಕೆ ತಾಗದಂತೆ. ಅದು ಹೋಗಲೊಲ್ಲದು. ಡಾಕ್ಟರ ಹಣೆಯ ಮೇಲೆ ಬೆವರು. ಕಡೆಗೂ ಸರಿಯಿತು. ಕಾಕು ಒಂದು ಕೈಯಲ್ಲಿ ಬ್ಯಾಟರಿ ಹಿಡಿದು ಇನ್ನೊಂದು ಕೈಯಿಂದ ಮಗಳ ಕಣ್ಣು ಮುಚ್ಚಿದರು.

ಆ ಕತ್ತಲೆಯೊಳಗಿನಿಂದಲೇ ಮಗಳು ಹೇಳಿದಳು, "ಕಾಕಾ, ನಾ ತಗದಿಲ್ಲ ಹಾಂ. ಅವ್ವನ ಎಳದಳು, ಡಾಕ್ಟರ್ ಎಳದ್ರು. ನಾ ಮುಟ್ಟಿಲ್ಲ."

ಕಾಕಾ ಗ್ರೈಂಡರಿನ ಗುಂಡಿ ಒತ್ತಿದರು.

ಆ ಶಬ್ದ ನನ್ನ ಹಲ್ಲಿನೊಳಗೆ ಇಂದೂ ಇದೆ. ಚಕ್ರ ಉಕ್ಕಿಗೆ ತಾಗಿದ ಕೂಡಲೇ ಕಿಡಿ ಹಾರಿತು. ಕಾಕಾ ತಟ್ಟನೆ ತೆಗೆದರು. ಡಾಕ್ಟರು ಸಿರಿಂಜಿಯಿಂದ ನೀರು ಬಿಟ್ಟರು, ಚುರ್ ಅಂದಿತು. ಮತ್ತೆ ತಾಗಿಸುವುದು, ಮತ್ತೆ ತೆಗೆಯುವುದು, ಮತ್ತೆ ನೀರು. ಹೆಚ್ಚು ಹೊತ್ತು ಹಿಡಿದರೆ ಉಂಗುರ ಕಾದು ಬೆರಳು ಬೇಯುತ್ತದೆ. ಲೇಥಿನ ಮುಂದೆ ಬೀಡಿ ಕಚ್ಚಿಕೊಂಡು ಹಾಡು ಹೇಳುತ್ತ ಕೆಲಸ ಮಾಡುತ್ತಿದ್ದ ಕಾಕಾ ಈಗ ಒಂದೊಂದು ಸಲ ತಾಗಿಸುವ ಮೊದಲೂ ಚಕ್ರವನ್ನು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು. ಒಮ್ಮೆ ಚಕ್ರ ಜಾರಿ ಉಂಗುರ ಹಿಡಿದಿದ್ದ ಅವರದೇ ಹೆಬ್ಬೆರಳನ್ನು ಸವರಿತು. ರಕ್ತ ಬಂತು. ಒರೆಸಿಕೊಳ್ಳಲಿಲ್ಲ. ಇನ್ನೊಮ್ಮೆ ಚಕ್ರವೇ ಪಟ್ಟನೆ ಮುರಿದು ಎಲ್ಲೋ ಸಿಡಿಯಿತು. ನಾನು ಮಗಳನ್ನು ತಬ್ಬಿ ಬಗ್ಗಿಬಿಟ್ಟೆ. ಕಾಕು ಕೆಂಪು ಬಟ್ಟೆಯ ಮೇಲಿನ ಕುಂಕುಮ ಹಚ್ಚಿದ ಇನ್ನೊಂದು ಚಕ್ರ ತೆಗೆದುಕೊಟ್ಟರು.

ಒಂದು ಬದಿಗೆ ಕಚ್ಚು ಬಿತ್ತು. ಕೈ ತಿರುಗಿಸಿ ಎದುರು ಬದಿಗೂ ಒಂದು ಕಚ್ಚು ಹಾಕಿ ಕಾಕಾ ಗ್ರೈಂಡರ್ ಕೆಳಗಿಟ್ಟರು. ಉಂಗುರ ಇನ್ನೂ ಹಾಗೆಯೇ ಇತ್ತು. "ಪೂರ್ತಿ ಕೊಯ್ಯಾಕ ಹೋದ್ರ ಚಕ್ರ ಒಳಗ ಇಳೀತೈತಿ. ಇನ್ನ ಪಕ್ಕಡಲೆ ಮುರೀಬೇಕು" ಎಂದರು. ಡಾಕ್ಟರು, ಮುರಿಯುವಾಗ ಜಾರಿದರೆ ಎಂದರು. ಜಾರಿದರೆ ಎಲುಬು. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಕಾಕಾ ಇಕ್ಕಳದಂಥ ದೊಡ್ಡ ಪಕ್ಕಡ ಹಿಡಿದು ನನ್ನ ಮುಖ ನೋಡಿದರು. ಅಷ್ಟು ಜಂಬದ ಮನುಷ್ಯ ಅಂಥ ದೈನ್ಯದಿಂದ ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮುರೀರಿ ಕಾಕಾ" ಎಂದೆ.

ಟಕ್ ಎಂದಿತು. ಒಂದು ಕ್ಷಣ ಏನು ಮುರಿಯಿತೆಂದೇ ತಿಳಿಯಲಿಲ್ಲ. ಉಂಗುರ ಎರಡು ಹೋಳಾಗಿ ಫರ್ಶಿಯ ನೆಲದ ಮೇಲೆ ಬಿದ್ದಿತ್ತು. ಡಾಕ್ಟರು ಉಗುರು ಒತ್ತಿದರು, ಬಿಟ್ಟರು. ಬೆಳ್ಳಗೆ. ಮತ್ತೆ ತಿಕ್ಕಿದರು, ಮತ್ತೆ ಒತ್ತಿದರು. ಬೆಳ್ಳಗೇ... ಆಮೇಲೆ ಅಂಚಿನಿಂದ ನಿಧಾನಕ್ಕೆ, ಬಲು ನಿಧಾನಕ್ಕೆ, ಬಣ್ಣ ಬಂತು. "ಬಂತು, ಬಂತು" ಎಂದು ಡಾಕ್ಟರೇ ಕೂಸಿನಂತೆ ಕೂಗಿದರು. ಕಾಕಾ ಹೊಸ ಧೋತರದಲ್ಲಿ ಆ ಎಣ್ಣೆಯ ನೆಲದ ಮೇಲೆಯೇ ಕುಸಿದು ಕೂತು ಗಳಗಳ ಅತ್ತರು.

ಮರುದಿನ ನಾವು ರೈಲು ಬಿಟ್ಟು ಮನೆಯಲ್ಲೇ ಉಳಿದೆವು. ಬನ್ನಿ ಕೊಡಲು ಕಾಕು ಒಬ್ಬರೇ ಬಂದರು. ಕಾಕಾ ಹೊರಗೆ ಬರಲಿಲ್ಲ. ದಸರೆ ಮುಗಿದ ಮೇಲೆ ಲೇಥು ಚಾಲೂ ಆಗಬೇಕಾಗಿತ್ತು, ಆಗಲಿಲ್ಲ. ಅದರ ಮೇಲೆ ತಾಡಪತ್ರಿಯ ಹೊದಿಕೆ ಬಿತ್ತು. ಮಗಳ ಬೆರಳು ವಾಸಿಯಾಗಿ, ಉಗುರು ಹೋಗಿ ಹೊಸದು ಬಂದ ಮೇಲೂ ತಾಡಪತ್ರಿ ಏಳಲಿಲ್ಲ. ನನಗೆ ಸಿಟ್ಟು ಯಾವಾಗಲೋ ಇಳಿದಿತ್ತು. ಒಂದು ದಿನ ಬೇಕಂತಲೇ ಕಂಪೌಂಡಿನ ಹತ್ತಿರ ನಿಂತು, "ಕಾಕಾ, ನಮ್ಮ ಗೇಟಿನ ಕೊಂಡಿ ಮುರದೈತ್ರಿ, ಒಂದ ಮಾಡಿ ಕೊಡ್ರಿ" ಎಂದೆ. ಪೇಪರಿನಿಂದ ತಲೆ ಎತ್ತಿ, "ಬಜಾರದಾಗ ಸಿಗತಾವ್ರಿ ಅಕ್ಕೋರ, ಚಲೋ ಇರತಾವ" ಎಂದರು. ಬಜಾರದ ಸಾಮಾನು ಚಲೋ ಇರುತ್ತದೆಂದು ಕಾಕಾನ ಬಾಯಿಂದ! ಒಳಗೆ ಬಂದು ಅತ್ತೆ. ಆ ಲೇಥನ್ನು ಮುಂದೆ ಯಾರೋ ಬಂದು ಟೆಂಪೋದಲ್ಲಿ ಹೇರಿಕೊಂಡು ಹೋದರು. ಪೋರ್ಚಿನಲ್ಲಿ ಸ್ಕೂಟರು ಬಂದು ನಿಂತಿತು.

ಮಗಳಿಗೆ ಆಮೇಲೆ ಒಂದು ಬುಗುರಿಯನ್ನೂ ಅವರು ಮಾಡಿಕೊಡಲಿಲ್ಲ. ಎದುರು ಸಿಕ್ಕಾಗಲೆಲ್ಲ ಮಾತ್ರ ಆಕೆಯ ಬಲಗೈ ಹಿಡಿದು ನಡುಬೆರಳಿನ ಉಗುರು ಒತ್ತುವರು, ಬಿಟ್ಟು ನೋಡುವರು. ಬಣ್ಣ ಬಂದದ್ದು ಕಂಡು ಕೈಬಿಟ್ಟು ಹೋಗುವರು. ಮಾತಿಲ್ಲ, ಕತೆಯಿಲ್ಲ. ನಾವು ಖಾನಾಪುರದಲ್ಲಿ ಮನೆ ಕಟ್ಟಿಕೊಂಡು ಬಂದ ಮೇಲೂ, ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮೊದಲು ಉಗುರು, ಆಮೇಲೆ ನಮಸ್ಕಾರ. ಹೋದ ಶ್ರಾವಣದಲ್ಲಿ ಕಾಕಾ ಹೋದರು. ಸುದ್ದಿ ತಿಳಿದು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗ್ಯಾರೇಜಿನಿಂದ ಬಂದವಳು ಸಂಜೆ ಮಗಳಿಗೆ ಇದನ್ನೆಲ್ಲ ಹೇಳುತ್ತ ಕೂತೆ. ಈಗ ಕಾಲೇಜಿಗೆ ಹೋಗುವ ಹುಡುಗಿ, ಸೂಟಿಗೆ ಮನೆಗೆ ಬಂದಿದ್ದಾಳೆ. ಚಕ್ರ ಮುರಿದದ್ದು, ಕಿಡಿ ಹಾರಿದ್ದು, ಯಾವುದೂ ಆಕೆಗೆ ಸರಿಯಾಗಿ ನೆನಪಿಲ್ಲವಂತೆ. ತನ್ನ ನಡುಬೆರಳನ್ನು ತಿರುಗಿಸಿ ನೋಡುತ್ತ ಕೇಳಿದಳು:

"ಅವ್ವಾ, ಕಾಕಾಗ ನನ್ನ ಮ್ಯಾಲಿನ ಸಿಟ್ಟ ಕಡೀಕೂ ಹೋಗಲಿಲ್ಲ ಅಲ್ಲಾ?"

ಎಂಥ ಸಿಟ್ಟು ಎಂದೆ.

"ಪೂಜಿ ಮುರದೆ ಅಂತ. ನಾ ಅತ್ತೆ, ಅದಕ್ಕ ಹತ್ಯಾರ ಎತ್ತಬೇಕಾತು. ಅವತ್ತಿಂದ ನನ್ನ ಕೂಡ ಮಾತ ಬಿಟ್ರು, ಮಷೀನೂ ಬಿಟ್ರು. ಸಿಕ್ಕಾಗೆಲ್ಲಾ ಕೈ ಹಿಡದು ನೋಡವರು... ಮತ್ತೇನರ ಹಾಕ್ಕೊಂಡೀನೇನೋ ಅಂತ ತಪಾಸ ಮಾಡತಾರ ಅನ್ಕೊಂಡಿದ್ದೆ. ದೂರದಿಂದ ಕಂಡ್ರ ಕೈ ಹಿಂದ ಮುಚಿಗೋತಿದ್ದೆ."

ಕೈ ಮುಚ್ಚಿಕೊಂಡದ್ದನ್ನು ಕಾಕಾ ಕಂಡಿರಬೇಕು. ಮಗು ಇನ್ನೂ ತಮ್ಮನ್ನು ಕಂಡರೆ ಹೆದರುತ್ತದೆ ಎಂದು ತಿಳಿದಿರಬೇಕು. ಹಾಗಲ್ಲ ಮಗಳೇ, ಅವರಿಗೆ ಸಿಟ್ಟು ಇದ್ದದ್ದು ತಮ್ಮ ಮೇಲೆಯೇ ಎಂದು ಆಕೆಗೆ ಬಿಡಿಸಿ ಬಿಡಿಸಿ ಹೇಳಿದೆ. ಕೇಳಿ ಅತ್ತಳು. ಆಕೆಗೇನೋ ಹೇಳಿದೆ. ಅವರಿಗೆ? ಖಾನಾಪುರದಿಂದ ಬೆಳಗಾವಿ ಎಷ್ಟು ದೂರ, ನಡುವಿನ ದೇಸೂರ ದಾಟಿದರೆ ಬಂದೇಬಿಟ್ಟಿತು. ಇಷ್ಟು ವರ್ಷ ಯಾವತ್ತು ಬೇಕಾದರೂ ಹೋಗಬಹುದಾಗಿತ್ತು, ಆದರೆ ಹೇಳುವ ಮಾತೊಂದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಕಾಕಾ ಇಲ್ಲ.